ಆಮೇಲೆ ಅನ್ನೋ ವಾರ

"ಬುದ್ಧಿ, ಬೆಳಗ್ಗೆ ಹೊತ್ತು ನಿಮ್ಮ ಹತ್ತಿರ ಬಂದು ಕೂರೋಕೆ ಆಗ್ತಾನೇ ಇಲ್ಲ. ಕೊಟ್ಟಿಗೆ, ಹೂವು, ಅಡುಗೆಮನೆ ಎಲ್ಲ ನನ್ನ ತಲೆ ಮೇಲೇ ಇದೆ. ಇದೆಲ್ಲ ಒಂದು ಹದಕ್ಕೆ ಬರಲಿ, ಆಮೇಲೆ ಬಂದು ಕೂತರೆ ಆಗಲ್ವಾ?"

ಹೀಗೆ ಕೇಳಿದವನು ಮರುಳಸಿದ್ದ. ಗುರುಗಳ ಮಾತು ಕೇಳಬೇಕು ಅಂತಲೇ ಮನೆ ಬಿಟ್ಟು ಮಠ ಸೇರಿದವನು. ಸೇರಿದ ಮೇಲೆ ಮಠದ ಕೆಲಸ ಅವನನ್ನು ಬಿಟ್ಟಿರಲಿಲ್ಲ. ಈಗಲೂ ಕೈಯಲ್ಲಿ ಸೌಟಿತ್ತು, ಒಂದು ಕಾಲು ಹೊಸ್ತಿಲಿಂದ ಆಚೆಗಿತ್ತು.

ಗುರುಗಳು ಆಗಲಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೆ ಹೆಂಡತಿ, ಇಬ್ಬರು ಗಂಡುಮಕ್ಕಳು, ಕೊನೆಯವಳು ಹೆಣ್ಣು. ಆ ಕೊನೆಯವಳ ಬಾಯಲ್ಲಿ ಬರೀ ಪ್ರಶ್ನೆ. ಇರುವೆ ಸಾಲಲ್ಲಿ ಎಲ್ಲಕ್ಕಿಂತ ಮುಂದೆ ಇರೋ ಇರುವೆಗೆ ದಾರಿ ಯಾರು ಹೇಳಿದ್ದು? ಕನಸಲ್ಲಿ ಊಟ ಮಾಡಿದರೆ ಕೈ ತೊಳೀಬೇಕಾ? ಹೀಗೆ. ಶಾಲೆಯಲ್ಲಿ ಮೇಷ್ಟ್ರು ಒಬ್ಬರೇ, ಮಕ್ಕಳು ಕೋಣೆ ತುಂಬ. "ಆಮೇಲೆ ಕೇಳು, ಕೂತ್ಕೋ" ಅಂತಿದ್ದರು. ಕೂತೂ ಕೂತೂ ಹುಡುಗಿ ಮಾತೇ ನಿಲ್ಲಿಸಿದಳು. ಮನೆಗೆ ಬಂದರೂ ಬಾಯಿ ಬಿಡುತ್ತಿರಲಿಲ್ಲ.

ತಾಯಿಗೆ ಇದನ್ನು ನೋಡೋಕೆ ಆಗಲಿಲ್ಲ. ಶಾಲೆಗೆ ಹೋದವಳೇ ಮೂರೂ ಮಕ್ಕಳನ್ನು ಬಿಡಿಸಿಕೊಂಡು ಬಂದಳು. "ನನ್ನ ಮಗಳ ಮಾತು ಕೇಳೋಕೆ ನಾನಿದ್ದೀನಿ ಮೇಷ್ಟ್ರೇ. ಮನೆಯಲ್ಲೇ ಪಾಠ ಹೇಳ್ಕೊಡ್ತೀನಿ" ಅಂದಳು. ಮೇಷ್ಟ್ರು ಜಗಳ ಆಡಲಿಲ್ಲ. ಅವರಿಗೂ ಮೂರು ಮಕ್ಕಳು ಕಮ್ಮಿಯಾಗಿದ್ದು ಬೇಜಾರೇನಿರಲಿಲ್ಲ.

ಮೊದಮೊದಲು ಚೆನ್ನಾಗಿತ್ತು. ದೋಸೆಗೆ ತೂತು ಯಾಕೆ ಬೀಳುತ್ತೆ ಅಂತ ಹುಡುಗಿ ಒಂದು ಬೆಳಗ್ಗೆ ಕೇಳಿದಳು. ತಾಯಿ, ಮಕ್ಕಳು ಎಲ್ಲ ಕಾವಲಿ ಸುತ್ತ ಕೂತು ನೋಡಿದ್ದೇ ನೋಡಿದ್ದು. ದರ್ಜಿ ಸ್ನಾನ ಮುಗಿಸಿ ಬಂದ.

"ಉತ್ತರ ಸಿಕ್ತಾ?"

"ಇಲ್ಲ."

"ದೋಸೆ?"

"ಅದೂ ಇಲ್ಲ, ಸೀದುಹೋಯ್ತು."

ಅವನು ನೀರು ಕುಡಿದು ಅಂಗಡಿಗೆ ಹೋದ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕು ಎಷ್ಟೋ ದಿನ ಆಗಿತ್ತು. ಇದೊಂದು ನಗುವಿಗಾಗಿ ಶಾಲೆ ಬಿಡಿಸಿದ್ದು ಸಾರ್ಥಕ ಅಂದುಕೊಂಡಳು ತಾಯಿ.

ಅಷ್ಟರಲ್ಲಿ ಓರಗಿತ್ತಿ ಬಂದಳು. "ಶಾಲೆ ಬಿಡಿಸಿದ್ಯಂತಲ್ಲೇ, ಏನು ಕಲಿತಿದಾರೆ? ಎಲ್ಲಿ, ಒಂದು ಮಗ್ಗಿ ಹೇಳಿಸು" ಅಂದಳು. ಮಕ್ಕಳು ಇರುವೆ ವಿಷಯ ಹೇಳಿದರು. ದೋಸೆ ವಿಷಯ ಹೇಳಿದರು. ಓರಗಿತ್ತಿ ಕಾಫಿ ಕುಡಿದು, "ನಮ್ಮನೇದು ಇಪ್ಪತ್ತರ ತನಕ ಒಪ್ಪಿಸುತ್ತೆ ಕಣಮ್ಮ" ಅಂದು ಲೋಟ ಕೆಳಗಿಟ್ಟಳು. ಲೋಟ ಇಟ್ಟ ಸದ್ದು ತಾಯಿಯ ಎದೆಯಲ್ಲಿ ಉಳಿಯಿತು.

ಮಾರನೇ ದಿನ ಬೆಳಕು ಹರಿಯೋ ಮುಂಚೆ ಅವಳು ಹಿತ್ತಾಳೆ ತಟ್ಟೆ ಬಡಿದಳು. ಮಕ್ಕಳು ಬೆಂಕಿ ಬಿತ್ತೇನೋ ಅಂತ ಬೀದಿಗೆ ಓಡಿದರು. ಅವರನ್ನು ವಾಪಸ್ ಕರೆದು ಕೂರಿಸಿ ಹೇಳಿದಳು: "ಸೋಮವಾರ ಲೆಕ್ಕ. ಮಂಗಳವಾರ ವ್ಯಾಕರಣ. ಬುಧವಾರ ಭೂಗೋಳ..." ಶನಿವಾರದ ತನಕ ಹೇಳಿದಳು. ಭಾನುವಾರ ಎಲ್ಲ ಒಪ್ಪಿಸೋದು.

"ಅಮ್ಮ, ನನ್ನ ಪ್ರಶ್ನೆ?" ಅಂದಳು ಹುಡುಗಿ.

"ಅದು ಆಮೇಲೆ ಪುಟ್ಟಿ."

ಅವತ್ತಿನಿಂದ ಆ ಮನೆಯ ಬೆಳಗ್ಗೆಗಳು ಕಾಲು ಕಿತ್ತುಕೊಂಡು ಓಡಿದವು. ದೊಡ್ಡವನು ಬಾವಿಯಲ್ಲಿ ನೀರು ಸೇದುತ್ತಲೇ ಮಗ್ಗಿ ಹೇಳಬೇಕು. ಹದಿಮೂರೇಳ್ಲಿ ಎಷ್ಟು ಅಂತ ತಡವರಿಸಿದ, ಹಗ್ಗ ಕೈ ಬಿಟ್ಟಿತು. ತೊಂಬತ್ತೊಂದು ಸಿಕ್ಕಿತು, ಕೊಡ ಸಿಗಲಿಲ್ಲ. ಎರಡನೆಯವನು ಹಾಲು ಕಾಯುತ್ತಲೇ ಸ್ಲೇಟಿನಲ್ಲಿ ಕಣ್ಣಿಗೆ ಕಂಡದ್ದನ್ನು ದುಂಡಗೆ ಬರೆಯಬೇಕು. ಅವನು "ಹಾಲು ಉಕ್ಕಿತು" ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆದು ತಾಯಿಗೆ ತೋರಿಸಿದ. ಅವಳು ಒತ್ತಕ್ಷರ ಸರಿಯಾಗಿದೆಯಾ ಅಂತ ನೋಡಿದಳು. ಸರಿಯಾಗಿತ್ತು. ಆಮೇಲೆ ಒಲೆ ನೋಡಿದಳು.

ದರ್ಜಿ ಒಂದು ದಿನ ಅಂಗಿ ಒಳಮಗ್ಗಲು ಹೊರಗೆ ಮಾಡಿ ಹಾಕಿಕೊಂಡು ಹೋದ. ಮನೆಯಲ್ಲಿ ವ್ಯಾಕರಣ ನಡೆಯುತ್ತಿದ್ದರಿಂದ ಯಾರೂ ಹೇಳಲಿಲ್ಲ. ಅಂಗಡಿಗೆ ಬಂದವರೊಬ್ಬರು ತಮಗೂ ಹಾಗೇ ಒಂದು ಹೊಲಿದುಕೊಡಿ ಅಂದರು.

ಈ ಗಲಾಟೆಯಲ್ಲಿ ಹುಡುಗಿ ದಿನಾ ಬಂದು ಸೆರಗು ಎಳೆಯುತ್ತಿದ್ದಳು. "ಅಮ್ಮ, ಒಂದು ಕೇಳ್ಲಾ?"

"ಆಮೇಲೆ ಪುಟ್ಟಿ. ನೋಡು, ಗಂಟು ಹಾಕ್ಕೊಂಡಿದೀನಿ, ಮರೆಯಲ್ಲ."

ಸೆರಗಿನ ತುದಿಗೆ ಗಂಟು ಬೀಳುತ್ತಿತ್ತು. ಸಂಜೆ ಹೊತ್ತಿಗೆ ಆ ಗಂಟು ಯಾಕೆ ಹಾಕಿದ್ದು ಅನ್ನೋದು ತಾಯಿಗೆ ನೆನಪಿರುತ್ತಿರಲಿಲ್ಲ. ಇಂಗು ತರಿಸೋದಕ್ಕಿರಬೇಕು ಅಂದುಕೊಂಡು ಗಂಡನಿಗೆ ಹೇಳುತ್ತಿದ್ದಳು. ಅವನು ಹೇಳಿದ್ದನ್ನು ತರುವವನು. ಮನೆ ತುಂಬ ಇಂಗಾಯಿತು. ಹುಡುಗಿಯ ಬಟ್ಟೆಯಿಂದಲೂ ಇಂಗಿನ ವಾಸನೆ ಬರುತ್ತಿತ್ತು.

ಬರಬರುತ್ತಾ ಅವಳು ಸೆರಗು ಎಳೆಯೋದು ಕಮ್ಮಿಯಾಯಿತು. ಈಗ ಸ್ವಲ್ಪ ಬುದ್ಧಿ ಬಂತು ಅಂತ ತಾಯಿಗೆ ಸಮಾಧಾನ.

ಒಂದು ದಿನ ಆ ಹಳೇ ಮೇಷ್ಟ್ರು ಹೊಲಿಯೋಕೆ ಕೊಟ್ಟ ಕೋಟು ಕೇಳಿಕೊಂಡು ಮನೆಗೇ ಬಂದರು. ತಾಯಿಗೆ ಇದಕ್ಕಿಂತ ಒಳ್ಳೇ ಹೊತ್ತು ಬೇಕಿರಲಿಲ್ಲ. ಮಕ್ಕಳನ್ನು ಸಾಲಾಗಿ ನಿಲ್ಲಿಸಿದಳು. ದೊಡ್ಡವನು ಮಗ್ಗಿ ಒಪ್ಪಿಸಿದ. ಎರಡನೆಯವನು ವಿಭಕ್ತಿ ಒಪ್ಪಿಸಿದ. ಮೇಷ್ಟ್ರು ತಲೆದೂಗಿದರು. ಚಿಕ್ಕವಳಿಗೆ ಸುಲಭದ್ದು ಕೇಳೋಣ ಅಂತ, "ವಾರಗಳ ಹೆಸರು ಹೇಳಮ್ಮ" ಅಂದರು.

"ಭಾನುವಾರ, ಸೋಮವಾರ, ಮಂಗಳವಾರ, ಬುಧವಾರ, ಗುರುವಾರ, ಶುಕ್ರವಾರ, ಶನಿವಾರ, ಆಮೇಲೆ."

"ಆಮೇಲೆ?"

"ಹ್ಞೂಂ, ಆಮೇಲೆ."

"ಅದೇ, ಆಮೇಲೆ ಯಾವುದಮ್ಮ?"

"ಆಮೇಲೇನೇ ಮೇಷ್ಟ್ರೇ. ಅಷ್ಟೇ, ಮುಗೀತು."

ಅಣ್ಣಂದಿರು ಕಿಸಕ್ ಅಂದರು. ತಾಯಿಯ ಮುಖ ಕೆಂಪಾಯಿತು. ಮೇಷ್ಟ್ರು ಮಾತ್ರ ನಗಲಿಲ್ಲ.

"ಆವತ್ತು ಏನು ಪಾಠ?"

"ಆವತ್ತು ಪಾಠ ಇಲ್ಲ. ಆವತ್ತು ಅಮ್ಮ ನನ್ನ ಪ್ರಶ್ನೆ ಕೇಳಿಸ್ಕೋತಾಳೆ."

"ಅದು ಯಾವಾಗ ಬರುತ್ತೆ?"

"ಇನ್ನೂ ಬಂದಿಲ್ಲ."

ಮೇಷ್ಟ್ರು ಎದ್ದರು. ಕೋಟಿನ ಮಾತೆತ್ತಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ನಮ್ಮ ಶಾಲೆಯಲ್ಲೂ ಆ ವಾರ ಇದೆ ತಾಯಿ" ಅಂದು ಹೊರಟುಹೋದರು.

ತಾಯಿ ಅಲ್ಲೇ ನಿಂತಳು. ಶಾಲೆಯಿಂದ ಮಗಳನ್ನು ಕರೆದುಕೊಂಡು ಬಂದಿದ್ದಳು. ಆಮೇಲೆ ಅನ್ನೋ ಮಾತೂ ಜೊತೆಗೇ ಬಂದು ಮನೆಯಲ್ಲಿ ಕೂತಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಮಾರನೇ ಬೆಳಗ್ಗೆ ತಟ್ಟೆ ಬಡಿಯಲಿಲ್ಲ. ಗಂಡುಮಕ್ಕಳು ಮಲಗೇ ಇದ್ದರು. ಅವಳು ಹಾಲು ಒಲೆ ಮೇಲಿಟ್ಟು, ಮಗಳನ್ನು ಎಬ್ಬಿಸಿ ತಂದು ತೊಡೆ ಮೇಲೆ ಕೂರಿಸಿಕೊಂಡಳು.

"ಪುಟ್ಟಿ, ಇವತ್ತೇ ಆಮೇಲೆ. ಕೇಳು ಮಗಳೇ. ಎಲ್ಲ ಕೇಳು."

ಹುಡುಗಿ ಸೆರಗಿನ ತುದಿಯ ಗಂಟು ಹಿಡಿದುಕೊಂಡು ತುಂಬ ಹೊತ್ತು ಯೋಚನೆ ಮಾಡಿದಳು.

"ಬೇಕಾದಷ್ಟಿತ್ತಮ್ಮ. ಈಗ ಒಂದೂ ಬರ್ತಿಲ್ಲ."

"ನಿಧಾನಕ್ಕೆ ನೆನಪು ಮಾಡ್ಕೋ. ನಂಗೇನೂ ಅವಸರ ಇಲ್ಲ."

"ಅಮ್ಮ, ಹಾಲು ಉಕ್ಕುತ್ತೆ."

"ಉಕ್ಕಲಿ."

ಹಾಲು ಉಕ್ಕಿತು. ಈ ಸಲ ಯಾರೂ ಬರೆಯಲಿಲ್ಲ. ಹುಡುಗಿ ಒಲೆ ನೋಡಿದಳು, ಅಮ್ಮನ ಮುಖ ನೋಡಿದಳು. ಅಮ್ಮ ಏಳಲಿಲ್ಲ. ಕೊನೆಗೆ ಅವಳಿಗೆ ಒಂದು ಪ್ರಶ್ನೆ ಬಂತು. ಮೆಲ್ಲಗೆ ಕೇಳಿದಳು.

"ಅಮ್ಮ, ಎಷ್ಟೊತ್ತು ಹೀಗೇ ಕೂತಿರ್ತೀಯ?"

ಗುರುಗಳು ಕತೆಯನ್ನು ಇಲ್ಲಿಗೇ ನಿಲ್ಲಿಸಿದರು.

ಅಡುಗೆಮನೆಯಿಂದ ಯಾರೋ "ಮರುಳಸಿದ್ದಾ, ಸೌಟೆಲ್ಲಯ್ಯಾ?" ಅಂತ ಕೂಗಿದರು. ಅವನು ಹೊಸ್ತಿಲಾಚೆ ಇದ್ದ ಕಾಲನ್ನು ಒಳಗೆಳೆದುಕೊಂಡ. ತಾಯಿ ಏನು ಹೇಳಿದಳೋ ಅದು ಅವನಿಗೆ ಬೇಕಾಗಿತ್ತು.

"ಆಮೇಲೆ, ಬುದ್ಧಿ?" ಅಂದ.

"ಆ ವಾರ ಇನ್ನೂ ಬಂದಿಲ್ಲ ಕಣಪ್ಪ" ಅಂದರು ಗುರುಗಳು.