ಸಾಲಿನ ಕೊನೆಯ ಬಲ್ಬು

ಹೊಳೆದಂಡೆಯ ಆಶ್ರಮದಲ್ಲಿ ಸಿದ್ಧಮ್ಮ ತಾಯಿ ಪಾಠ ಹೇಳುವಾಗ ಶಿಷ್ಯೆಯರು ಅವರ ಪಕ್ಕದಿಂದ ಶುರುಮಾಡಿ ಅಂಗಳದ ಸುತ್ತ ಸಾಲಾಗಿ ಕೂರುವ ಪದ್ಧತಿ. ತಾಯಿಗೆ ತಾಗಿಕೊಂಡ ಜಾಗ ಬಹುಕಾಲದಿಂದ ಸಂಗವ್ವನದು.

ಆವತ್ತು ಬೆಳಗ್ಗೆ ತಾಯಿ ಆ ಜಾಗದಲ್ಲಿ ಹೊಸದಾಗಿ ಬಂದ ರತ್ನಿಯನ್ನು ಕೂರಿಸಿ, ಸಂಗವ್ವನಿಗೆ ಸಾಲಿನ ಕೊನೆ ತೋರಿಸಿದರು.

ಪಾಠ ಮುಗಿಯುವುದೇ ತಡ, ಸಂಗವ್ವ ಬಟ್ಟೆ ಗಂಟು ಕಟ್ಟಿಕೊಂಡು ಬಂದು ಎದುರು ನಿಂತಳು.

“ನಾ ಹೊಂಟೆ, ತಾಯಿ.”

“ಯಾಕವ್ವಾ?”

“ನಿಮ್ಮ ಮಾತಿನ ಕೆನಿ ರತ್ನಿಗೆ. ಕೊನೀಗೆ ಕುಂತ ನನಗ ಗಡಿಗಿ ತೊಳೆದ ನೀರು. ಅದನ್ನ ಕುಡಿಯಾಕ ಇಷ್ಟು ವರ್ಷ ನಿಮ್ಮ ಅಂಗಳ ಬಳಿದೆನೇನು?”

ತಾಯಿ ಬೈಯಲಿಲ್ಲ. ಅವಳನ್ನು ಕತ್ತಲೆಯ ಉಗ್ರಾಣಕ್ಕೆ ಕರೆದೊಯ್ದರು. ಅಲ್ಲಿನ ದೇವರ ಗೂಡಿನಲ್ಲಿ ಮೂರು ಟಾರ್ಚ್ ಬಲ್ಬು ಉರಿಯುತ್ತಿದ್ದವು. ಸೆಲ್ಲಿನಿಂದ ಹೊರಟ ತಂತಿ ಒಂದು ಬಲ್ಬನ್ನು ಹೊಕ್ಕು ಹೊರಬಂದು, ಇನ್ನೊಂದಕ್ಕೆ ಹೋಗಿ, ಮೂರನೆಯದರಿಂದಾಚೆ ಗೂಡಿನ ಹಿಂದೆ ಮರೆಯಾಗಿತ್ತು.

“ಇದರಾಗ ಕೆನಿ ಯಾರಿಗೆ ಸಿಕ್ಕೈತಿ?”

“ಸೆಲ್ಲಿನ ಪಕ್ಕದ್ದಕ್ಕ. ಅದರಾಗ ನೋಡೋದೇನೈತಿ?”

“ನೋಡು.”

ನೋಡಿದಳು. ಮೂರಕ್ಕೂ ಒಂದೇ ಬೆಳಕು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

“ಕೊನೇದು ಚಲೋ ಕಂಪನೀದು ಇರಬೇಕು,” ಎಂದು ಮೊದಲನೆಯದನ್ನೂ ಕೊನೆಯದನ್ನೂ ಅದಲುಬದಲು ಮಾಡಿದಳು. ಮತ್ತೆ ಅಷ್ಟೇ ಬೆಳಕು.

ತಾಯಿ ನಾಲ್ಕನೆಯ ಬಲ್ಬು ಸೇರಿಸಿದರು. ನಾಲ್ಕೂ ಮಂಕಾದವು.

ಸಂಗವ್ವ ಚಪ್ಪಾಳೆ ತಟ್ಟಿದಳು. “ನಾ ಹೇಳಿದ್ದು ಇದನ್ನ! ಹೊಸಾಕಿ ಬಂದಳು, ಎಲ್ಲಾರ ಮಾರಿ ಬಾಡಿತು.”

“ಖರೆ. ಹಂಗಾದರ ಆಕೀನ್ನ ತಗಿ.”

ಸಂಗವ್ವ ಕಿತ್ತೇ ಬಿಟ್ಟಳು. ಉಳಿದ ಮೂರೂ ಆರಿಹೋದವು.

“ಅಯ್ಯ, ಆಕಿ ಹೋದರ ಇವುಕ್ಯಾಕ ಸಿಟ್ಟು?”

ತಾಯಿ ಎಲ್ಲವನ್ನೂ ಬಿಚ್ಚಿ ಅವಳ ಮುಂದೆ ಸುರಿದರು. “ನಿನಗ ನ್ಯಾಯ ಅನಿಸಿದಂಗ ನೀನ ಕುಂಡ್ರಸು.”

ಸಂಗವ್ವನಿಗೆ ಹುರುಪು ಬಂತು. ಸೆಲ್ಲಿಗೆ ತಾಗಿಸಿ ತನ್ನದೆಂದು ಒಂದು ಬಲ್ಬು. ಆಮೇಲೆ ಹಳಬರದು ಎರಡು. ಕಟ್ಟಕಡೆಗೆ ರತ್ನಿಯದು. ಗೆರೆ ಎಳೆದಷ್ಟು ನೆಟ್ಟಗೆ ಸಾಲು. ರತ್ನಿಯಾಚೆ ಕೂರಿಸಲು ಯಾರೂ ಇರಲಿಲ್ಲವಾದ್ದರಿಂದ ಆ ಬಲ್ಬಿನ ಇನ್ನೊಂದು ತಂತಿ ನೆಲದ ಮೇಲೆ ಸುಮ್ಮನೆ ಬಿದ್ದಿತ್ತು.

ಒಂದೂ ಹತ್ತಲಿಲ್ಲ.

“ಸೆಲ್ಲು ಸತ್ತೈತಿ, ತಾಯಿ.”

“ಇಲ್ಲ.”

“ಹಂಗಾದರ ನಂದರ ಹತ್ತಬೇಕಲ್ಲ! ನಾ ಸೆಲ್ಲಿಗೆ ಅಂಟಿಕೊಂಡು ಕುಂತೀನಿ!”

ತಾಯಿ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ತಂತಿಯನ್ನು ಎತ್ತಿಕೊಂಡರು. ಬಳಸಿ ತಂದು ಸೆಲ್ಲಿನ ತಳಕ್ಕೆ ಮುಟ್ಟಿಸಿದರು.

ನಾಲ್ಕೂ ಹತ್ತಿದವು.

ಸಂಗವ್ವ ನೆಲಕ್ಕೆ ಕುಕ್ಕರಿಸಿದಳು. ಈ ಕಡೆಯಿಂದ ನೋಡಿದರೆ ಸೆಲ್ಲಿನ ಪಕ್ಕ ತಾನು. ಆ ಕಡೆಯಿಂದ ನೋಡಿದರೆ ರತ್ನಿ. ಯಾರು ಮುಂದೆ, ಯಾರು ಹಿಂದೆ? ಬೆಳಗ್ಗೆ ಕಟ್ಟಕಡೆಗೆ ಕೂತಾಗ ತನ್ನ ಆಚೆ ಪಕ್ಕದಲ್ಲಿ ಯಾರಿದ್ದರು? ತಲೆ ಗಿರ್ರೆಂದಿತು.

“ತಾಯಿ, ನನಗೊಂದೂ ತಿಳೀವಲ್ದು. ಬೈದರ ತಿಳೀತಿತ್ತು. ನಾ ಇರಲೋ, ಹೋಗಲೋ? ಅದೊಂದು ಹೇಳಿಬಿಡ್ರಿ.”

ತಾಯಿ ಅವಳ ಬೆರಳು ಹಿಡಿದು ತಂತಿಯ ಮೇಲಿಟ್ಟರು.

“ಇದರ ಕೊನಿ ಹುಡುಕು. ಸಿಕ್ಕ ದಿನ ಹೋಗು.”