ಆಶ್ರಮದಲ್ಲಿ ಕುಣಿದ ವಾಷಿಂಗ್ ಮಷೀನು

ಒಂದು ಹೊಳೆ, ಹೊಳೆ ದಂಡೆಯಲ್ಲಿ ಒಂದು ಆಶ್ರಮ. ಯಾವ ಹೊಳೆ ಅಂತ ಕೇಳಬೇಡಿ. ನಿಮ್ಮೂರ ಹೊಳೆ ಅಂತಲೇ ಇಟ್ಟುಕೊಳ್ಳಿ, ಕಥೆಗೇನೂ ನಷ್ಟವಿಲ್ಲ.

ಅಲ್ಲಿನ ಗುರುಗಳು ಮುದ್ದುವೀರ ಸ್ವಾಮಿಗಳು. ವಯಸ್ಸಾಗಿತ್ತು, ಹಲ್ಲು ಹೋಗಿದ್ದವು, ನಗು ಮಾತ್ರ ಹೋಗಿರಲಿಲ್ಲ. ಉಪದೇಶಕ್ಕಿಂತ ಆ ನಗು ಕೇಳೋದಕ್ಕೇ ಜನ ಬರುತ್ತಿದ್ದರು.

ಅವರ ಶಿಷ್ಯ ಪಂಚಾಕ್ಷರಿ. ಅವನಿಗೂ ನಗುವಿಗೂ ಎಣ್ಣೆ ಸೀಗೇಕಾಯಿ.

ಊರಲ್ಲಿದ್ದಾಗ ಅವನಿಗೆ ಇಸ್ಪೀಟಿನ ಹುಚ್ಚಿತ್ತು. ಆ ಹುಚ್ಚಿನಿಂದ ಬಿಡಿಸಿಕೊಳ್ಳೋಕೆ ನಿಯಮ ಹಾಕಿಕೊಂಡ. ಒಪ್ಪೊತ್ತು ಊಟ, ಬರೀ ನೆಲದ ಮೇಲೆ ನಿದ್ದೆ, ಅರ್ಧ ದಿನ ಮೌನ. ಆ ನಿಯಮಗಳನ್ನ ಹಿಡಿದುಕೊಂಡೇ ಆಶ್ರಮಕ್ಕೆ ಬಂದು ಸೇರಿದ. ಬಂದ ಮೇಲೂ ಬಿಡಲಿಲ್ಲ. ಮನಸ್ಸು ಚಂಚಲವಾದಾಗಲೆಲ್ಲ ಇನ್ನೊಂದು ನಿಯಮ ಸೇರಿಸುತ್ತಿದ್ದ. ಒಳ್ಳೇ ಹುಡುಗ, ಆದರೆ ಪಕ್ಕದಲ್ಲಿ ಕೂತರೆ ನಮಗೇ ಉಸಿರು ಕಟ್ಟುತ್ತಿತ್ತು.

ಒಂದು ದಿನ ರತ್ನಾಂಬ ಎಂಬ ಭಕ್ತೆ ಆಶ್ರಮಕ್ಕೆ ವಾಷಿಂಗ್ ಮಷೀನು ಕಳಿಸಿಕೊಟ್ಟರು. ಮುಂದಿನ ಬಾಗಿಲು ತೆಗೆದು ಬಟ್ಟೆ ಹಾಕುವಂಥದ್ದು, ಹೊಸಾದು. ಟೆಂಪೋದಲ್ಲಿ ಬಂತು.

ಪಂಚಾಕ್ಷರಿಗೆ ಇಷ್ಟವಾಗಲಿಲ್ಲ. ಬಟ್ಟೆ ಒಗೆಯೋಕೆ ಹೊಳೆ ಇಲ್ಲವೇ ಅಂದ. ಬಂದವರ ಚಾದರ ಕಂಬಳಿ ಎಲ್ಲ ಸೇರಿ ಎಷ್ಟು ಸೋಪು ಹೊಳೆ ಸೇರುತ್ತೆ ನೋಡಿದೀಯ, ಮೀನುಗಳಿಗೇನು ಸ್ನಾನ ಬೇಕಿತ್ತಾ ಅಂತ ಗುರುಗಳು ನಕ್ಕರು.

ಕಂಪನಿಯವರು ಬಂದು ಜೋಡಿಸಿಕೊಡ್ತಾರೆ, ಸ್ವಲ್ಪ ಕಾಯಿರಿ ಅಂತ ರತ್ನಾಂಬ ಹೇಳಿದ್ದರು. ಪಂಚಾಕ್ಷರಿ ಕಾಯಲಿಲ್ಲ. ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕು ಅನ್ನೋದೂ ಅವನ ನಿಯಮವೇ. ಕೊಳವೆ ಸಿಕ್ಕಿಸಿದ, ಬಟ್ಟೆ ತುಂಬಿದ, ಗುಂಡಿ ಒತ್ತಿದ.

ಒಗೆಯೋವರೆಗೂ ಹೇಗೋ ನಡೀತು. ಹಿಂಡೋ ಹೊತ್ತಿಗೆ ಮೈಮೇಲೆ ದೇವರು ಬಂದ ಹಾಗೆ ಕುಣಿಯತೊಡಗಿತು. ಗೋಡೆಗೆ ಗುದ್ದಿತು, ಕೊಳವೆ ಕಿತ್ತುಕೊಂಡಿತು, ನೊರೆ ಚೆಲ್ಲಾಡುತ್ತಾ ಬಾಗಿಲ ತನಕ ನಡೆದುಬಂತು.

ಪಂಚಾಕ್ಷರಿ ನೆಲ ಸರಿಯಿಲ್ಲ ಅಂದ. ತಟ್ಟೆಯಲ್ಲಿ ನೀರಿಟ್ಟು ನೋಡಿ, ಮಷೀನಿನ ಕಾಲುಗಳನ್ನ ತಿರುಗಿಸಿ ಮಟ್ಟ ಮಾಡಿದ. ಮತ್ತೆ ಕುಣಿಯಿತು.

"ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ," ಅಂದರು ಗುರುಗಳು. "ಇದು ನೋಡಿದ್ರೆ ಚೆನ್ನಾಗೇ ಕುಣೀತಾ ಇದೆ. ನೆಲಾನ ಯಾಕಪ್ಪ ಬೈತೀಯ?"

ಕಂಬಳಿ ಒದ್ದೆಯಾಗಿ ಒಂದೇ ಕಡೆ ಮುದ್ದೆಯಾಗುತ್ತಿರಬೇಕು ಅಂತ ಕಂಬಳಿ ತೆಗೆದ. ಬಟ್ಟೆ ಕಮ್ಮಿ ಮಾಡಿದ. ಕೊನೆಗೆ ಬಟ್ಟೆಯನ್ನೇ ಹಾಕದೆ ತಿರುಗಿಸಿದ. ಖಾಲಿ ಹೊಟ್ಟೆಯಲ್ಲೂ ಅದರ ಕುಣಿತ ನಿಲ್ಲಲಿಲ್ಲ.

ಅವನು ಗುರುಗಳ ಮುಂದೆ ಬಂದು ನಿಂತ. ಮಷೀನಿನ ಡ್ರಮ್ಮೇ ಕೆಟ್ಟಿದೆ, ಬೇರೇದು ತರಬೇಕು ಅಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ.

"ನಾನೂ ಬೇರೆ ಕಡೆ ಹೋಗ್ತೀನಿ, ಬುದ್ಧಿ. ಇಲ್ಲಿ ನನ್ನ ಮನಸ್ಸು ನಿಲ್ತಾ ಇಲ್ಲ. ಧ್ಯಾನಕ್ಕೆ ಕೂತರೆ ಎದೆ ನಡುಗುತ್ತೆ. ಬೆಟ್ಟದ ಮೇಲೆ ಒಂದು ಆಶ್ರಮ ಇದೆಯಂತೆ, ಅಲ್ಲಿ ಯಾರೂ ನಗೋದಿಲ್ಲವಂತೆ."

ಗುರುಗಳಿಗೆ ಅವನೆಂದರೆ ಪ್ರಾಣ. ಆದರೂ ಬೇಡ ಅನ್ನಲಿಲ್ಲ. ಹೋಗೋ ಮುಂಚೆ ಪೇಟೆಗೆ ಹೋಗಿ ಒಂದು ಒಳ್ಳೇ ಮಷೀನು ಆರಿಸಿಟ್ಟು ಹೋಗು, ಅದೇ ನಿನ್ನ ಕೊನೇ ಸೇವೆ ಅಂತ ಇರಲಿ ಅಂದರು.

ಮಾರನೇ ದಿನ ಪಂಚಾಕ್ಷರಿ ಪೇಟೆಗೆ ಹೋದ. ಅಂಗಡಿಯವನು ಎಷ್ಟು ಜನದ ಬಟ್ಟೆ, ನೀರು ಸಿಹಿಯೋ ಗಡುಸೋ, ನಲ್ಲೀಲಿ ರಭಸವಾಗಿ ಬರುತ್ತೋ ಇಲ್ಲವೋ ಅಂತೆಲ್ಲ ವಿಚಾರಿಸಿದ. ಮೇಲಿಂದ ಬಟ್ಟೆ ಹಾಕೋದು, ಮುಂದಿಂದ ಹಾಕೋದು, ಒಗೆಯೋಕೊಂದು ಹಿಂಡೋಕೊಂದು ತೊಟ್ಟಿ ಇರೋದು, ಎಲ್ಲ ತೋರಿಸಿದ. ಪಂಚಾಕ್ಷರಿ ಒಂದನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಒಂದೊಂದನ್ನೂ ತಳ್ಳಿ ನೋಡುತ್ತಾ ಹೋದ, ಅಷ್ಟೆ.

"ಯಾವುದು ಆರಿಸಿದೆ?" ಅಂತ ಬಂದ ಮೇಲೆ ಗುರುಗಳು ಕೇಳಿದರು.

"ಎಲ್ಲಕ್ಕಿಂತ ಭಾರವಾದ್ದು, ಬುದ್ಧಿ. ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ."

"ಆ ಬೆಟ್ಟದ ಆಶ್ರಮ ಆರಿಸಿದ್ದೂ ಹಾಗೇನಾ?"

"ಹೌದು ಬುದ್ಧಿ. ಅಲ್ಲಿ ಎಲ್ಲಾ ಬಿಗಿ."

ಗುರುಗಳು ತಲೆದೂಗಿದರು. ಹಾಗಾದ್ರೆ ಕೆಟ್ಟ ಮಷೀನನ್ನ ಒಂದು ಸಲ ಮಾತಾಡಿಸಿ ಕಳಿಸೋಣ, ನಡಿ ಅಂತ ಎದ್ದರು. ಬೆಟ್ಟಕ್ಕೆ ಹೋಗೋ ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು.

ಬಟ್ಟೆ ಹಾಕದೆ ಹಿಂಡೋಕೆ ಬಿಡು ಅಂದರು. ಬಿಟ್ಟ. ಅದು ನಡುಗೋಕೆ ಶುರುಮಾಡಿದ ತಕ್ಷಣ ಗುರುಗಳು ಕಾವಿ ಪಂಚೆ ಮೇಲಕ್ಕೆ ಕಟ್ಟಿ, ಸ್ಟೂಲಿನ ಮೇಲೆ ಕಾಲಿಟ್ಟು, ಹತ್ತಿ ಮಷೀನಿನ ಮೇಲೆ ಕೂತೇಬಿಟ್ಟರು.

ಪಂಚಾಕ್ಷರಿ ಓಡಿಬಂದ. ಇಳೀರಿ ಬುದ್ಧಿ, ಇಳೀರಿ ಅಂತ ಗೋಗರೆದ. ಗುರುಗಳಿಗೆ ಎಲ್ಲಿ ಕೇಳಬೇಕು? ರುದ್ರಾಕ್ಷಿ ಸರ ಹಾರುತ್ತಿತ್ತು, ಗಡ್ಡ ಹಾರುತ್ತಿತ್ತು, ನಗು ತುಂಡು ತುಂಡಾಗಿ ಹೊರಗೆ ಬರುತ್ತಿತ್ತು. ಪಂಚಾಕ್ಷರಿ ಮಷೀನನ್ನೂ ಗುರುಗಳನ್ನೂ ಸೇರಿಸಿ ತಬ್ಬಿಕೊಂಡು ನಿಂತ. ಅವನ ಬಾಯಿಂದಲೂ ಒಂದು ಕಿಸಕ್ಕನೆ ಸದ್ದು ಬಂತು. ತಕ್ಷಣ ತುಟಿ ಕಚ್ಚಿಕೊಂಡ.

ಮಷೀನು ನಿಂತಿತು. ಗುರುಗಳು ಸೊಂಟ ಸವರಿಕೊಳ್ಳುತ್ತಾ ಇಳಿದರು.

"ಬಾಗಿಲು ತೆಗೆದು ಡ್ರಮ್ಮಿಗೆ ಕೈ ಹಾಕು. ತೊಟ್ಟಿಲು ತೂಗೋ ಹಾಗೆ ತೂಗು ನೋಡೋಣ."

ಪಂಚಾಕ್ಷರಿ ತೂಗಿ ನೋಡಿದ. "ತಿರುಗುತ್ತೆ ಬುದ್ಧಿ, ಆದರೆ ತೂಗಲ್ಲ. ಎಲ್ಲೋ ಹಿಡಿದು ಕಟ್ಟಿದ ಹಾಗಿದೆ."

"ನನ್ನ ಸೊಂಟಾನೂ ಅದನ್ನೇ ಹೇಳ್ತು. ಹಿಂದುಗಡೆ ತಿರುಗಿಸು."

ತಿರುಗಿಸಿದ. ಬೆನ್ನಿನ ಮೇಲೆ ನಾಲ್ಕು ಮೂಲೆಗೆ ನಾಲ್ಕು ಉದ್ದನೆ ಬೋಲ್ಟುಗಳಿದ್ದವು.

"ಇವನ್ನ ಇಷ್ಟು ಬಿಗಿ ಮಾಡಿದೋರು ಯಾರು?"

"ನಾನೇ, ಬುದ್ಧಿ. ಅದು ನಡುಗಿದಾಗಲೆಲ್ಲ ಇನ್ನೊಂದು ಸುತ್ತು ಬಿಗಿ ಮಾಡ್ತಿದ್ದೆ."

ಗುರುಗಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರೋವರೆಗೆ ನಕ್ಕರು. ನಕ್ಕು ಸುಸ್ತಾದ ಮೇಲೆ ಹೇಳಿದರು. ಮಷೀನು ತಂದ ಟೆಂಪೋದವನು ಮಜ್ಜಿಗೆ ಕುಡಿಯುತ್ತಾ ತಮಗೆ ಈ ಬೋಲ್ಟುಗಳ ವಿಷಯ ಹೇಳಿದ್ದನಂತೆ. ದೂರದಿಂದ ಬರುವಾಗ ಡ್ರಮ್ಮು ಒದ್ದಾಡಿ ಒಡೆಯದಿರಲಿ ಅಂತ ಹಾಕಿರ್ತಾರೆ, ಜಾಗಕ್ಕೆ ಬಂದ ಮೇಲೆ ತೆಗೀಬೇಕು ಅಂದಿದ್ದನಂತೆ.

"ನಿನಗೂ ಹೇಳೋಕೆ ಬಂದ. ನೀನು ಮೌನದಲ್ಲಿದ್ದೆ. ಕೈ ಸನ್ನೆ ಮಾಡಿ ಕಳಿಸಿಬಿಟ್ಟೆಯಂತೆ. ಆಮೇಲಾದರೂ ನೋಡಿ ತೆಗೆದಿರ್ತೀಯ ಅಂದ್ಕೊಂಡಿದ್ದೆ ಕಣೋ. ನೀನು ತೆಗೆದಿಲ್ಲ ಅಂತ ಇವತ್ತು ಮೇಲೆ ಕೂತಾಗಲೇ ಗೊತ್ತಾಗಿದ್ದು."

ಪಂಚಾಕ್ಷರಿಯ ಮುಖ ಕೆಂಪಗಾಯಿತು. ಹೋಗಿ ಸ್ಪ್ಯಾನರ್ ತಂದ. ಬಿಗಿ ಮಾಡಿದ್ದು ಅವನೇ ಅಲ್ಲವೇ, ಬಿಚ್ಚೋಕೆ ಅವನೇ ಬೆವರು ಸುರಿಸಬೇಕಾಯಿತು. ಕೊನೇ ಬೋಲ್ಟಂತೂ ಅವನ ಹಾಗೇ ಹಟಮಾರಿ. ಗುರುಗಳೂ ಸ್ಪ್ಯಾನರಿಗೆ ಕೈ ಕೊಟ್ಟರು. ಕಿರ್ ಅಂತ ಸದ್ದು ಮಾಡಿ ಅದೂ ಬಂತು.

ಆಮೇಲೆ ಚಾದರ, ಪಂಚೆ, ಆ ದಪ್ಪ ಕಂಬಳಿ, ಎಲ್ಲ ಹಾಕಿದರು. ಹಿಂಡೋ ಹೊತ್ತಿಗೆ ಗುರುಗಳು ಒಂದು ತುಂಬಿದ ಚೊಂಬು ತಂದು ಮಷೀನಿನ ಮೇಲಿಟ್ಟರು.

ಪಂಚಾಕ್ಷರಿ ಹಿಡಿದುಕೊಳ್ಳೋಕೆ ಕೈ ಚಾಚಿ ನಿಂತ. ಡ್ರಮ್ಮು ಒಳಗೆ ಒಂದೆರಡು ಸಲ ತೂಗಾಡಿತು, ತೂಗಾಡುತ್ತಲೇ ತನ್ನ ಹದ ತಾನೇ ಹುಡುಕಿಕೊಂಡಿತು, ಗುಂಯ್ ಅಂತ ಸುತ್ತಿತು. ಚೊಂಬಿನ ನೀರು ಸಣ್ಣಗೆ ನಡುಗಿತು. ಒಂದು ತೊಟ್ಟೂ ಚೆಲ್ಲಲಿಲ್ಲ.

ಗುರುಗಳು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಪಂಚಾಕ್ಷರಿಗೆ ಈ ಸಲ ತುಟಿ ಕಚ್ಚೋಕೆ ಆಗಲಿಲ್ಲ. ನಕ್ಕ. ನಗುತ್ತಾ ನಗುತ್ತಾ ಅಳು ಬಂತು, ಅಳುತ್ತಾ ಮತ್ತೆ ನಗು ಬಂತು. ಎಷ್ಟೋ ಕಾಲದಿಂದ ಕಟ್ಟಿಕೊಂಡಿದ್ದ ಎದೆ ಹಗುರಾಯಿತು.

ಬೋಲ್ಟುಗಳು ಇನ್ನೂ ಅವನ ಅಂಗೈಯಲ್ಲಿದ್ದವು. ಅವನ್ನೇ ನೋಡುತ್ತಾ ಕೇಳಿದ.

"ಇವನ್ನ ಹೊಳೆಗೆ ಎಸೆದುಬಿಡ್ಲಾ, ಬುದ್ಧಿ? ಎಲ್ಲಾ ಇವುಗಳಿಂದಲೇ ಆಗಿದ್ದು."

"ಅವನ್ನ ಬೈಬೇಡ. ಅವಿಲ್ಲದೆ ಇದು ಇಲ್ಲೀತನಕ ಬರ್ತಾನೇ ಇರಲಿಲ್ಲ. ಜೋಪಾನವಾಗಿ ಎತ್ತಿಡು."

ಪಂಚಾಕ್ಷರಿ ತನ್ನ ನಿಯಮಗಳನ್ನ ಎಣಿಸೋ ಹಾಗೆ ಬೋಲ್ಟುಗಳನ್ನ ಒಂದೊಂದಾಗಿ ಎಣಿಸಿ ಬಟ್ಟೆಯಲ್ಲಿ ಕಟ್ಟಿದ. ಸೇತುವೆ ಕಡೆಯಿಂದ ಸಂಜೆ ಬಸ್ಸಿನ ಹಾರನ್ ಕೇಳಿಸಿತು. ಅವನು ಆ ಕಡೆ ನೋಡಿದ, ಗುರುಗಳ ಕಡೆ ನೋಡಿದ.

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಹೋಗೋದಾದ್ರೆ ಹೋಗು, ಮರಿ, ನಾನು ತಡೆಯಲ್ಲ. ಒಂದೇ ಒಂದು ಮಾತು ಹೇಳಿಬಿಟ್ಟು ಬಸ್ಸು ಹತ್ತು. ನೀನಿನ್ನೂ ದಾರೀಲಿದ್ದೀಯೋ, ಮನೆ ಸೇರಿದ್ದೀಯೋ?"