ಕ್ಯಾಪ್ಟನ್ ಬರೆದ ಐದು ಹೆಸರು

ಬೋರಲಿಂಗಯ್ಯ ಮೇಷ್ಟ್ರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ಆ ವರ್ಷ ಅವರ ತಂಡ ಆರು ಪಂದ್ಯ ಗೆದ್ದು ಜಿಲ್ಲಾ ಫೈನಲ್ಲಿಗೆ ಬಂತು. ಗೆಲ್ಲಿಸಿದವಳು ಕ್ಯಾಪ್ಟನ್ ತಬಸ್ಸುಮ್, ಪಂಕ್ಚರ್ ಅಂಗಡಿಯವರ ಮಗಳು.

ಫೈನಲ್ ದಿನ ಬೆಳಿಗ್ಗೆ ಶಾಲಾ ಸಮಿತಿಯ ಅಧ್ಯಕ್ಷ ಚಿಕ್ಕವೀರೇಗೌಡರು ಬಂದರು.

"ಇವತ್ತು ನನ್ನ ಮೊಮ್ಮಗಳು ಸಿಂಚನಾನೇ ಕ್ಯಾಪ್ಟನ್. ನೆಂಟರೆಲ್ಲ ನೋಡೋಕೆ ಬರ್ತಾರೆ," ಅಂದರು.

ಸಿಂಚನಾ ತಂಡದಲ್ಲಿದ್ದಳು ನಿಜ, ಆದರೆ ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆಗಲ್ಲ ಅನ್ನುವ ಧೈರ್ಯ ಮೇಷ್ಟ್ರಿಗಿರಲಿಲ್ಲ.

"ಆಗಲಿ ಗೌಡ್ರೇ. ಆದರೆ ಆಡೋ ಐದು ಜನರನ್ನ ಆರಿಸೋದು ಕ್ಯಾಪ್ಟನ್ನೇ. ನಾವ್ಯಾರೂ ಬಾಯಿ ಹಾಕೋ ಹಾಗಿಲ್ಲ."

ಅಂಥ ನಿಯಮವೇ ಇರಲಿಲ್ಲ. ಗೌಡರು ಖುಷಿಯಿಂದ ಒಪ್ಪಿದರು. ವಿಷಯ ತಿಳಿಸುವಾಗ ತಬಸ್ಸುಮ್‌ಳ ಮುಖ ನೋಡಲು ಮೇಷ್ಟ್ರಿಗೆ ಆಗಲಿಲ್ಲ.

ಸಿಂಚನಾ ಚೀಟಿಯಲ್ಲಿ ಐದು ಹೆಸರು ಬರೆದಳು. ಮೊದಲನೆಯದು ತಬಸ್ಸುಮ್. ತನ್ನ ಹೆಸರು ಬರೆಯಲೇ ಇಲ್ಲ.

ಪಂದ್ಯ ಶುರುವಾದಾಗ ಮೊಮ್ಮಗಳು ಬೆಂಚಿನ ಮೇಲೆ ಕೂತಿದ್ದಳು. ಗೌಡರು ಧಡಕ್ಕನೆ ಎದ್ದು ಬಂದರು.

"ನಿನ್ನನ್ನ ಹೊರಗೆ ಕೂರಿಸಿದ್ದು ಯಾರು?"

"ಕ್ಯಾಪ್ಟನ್ನು, ತಾತ," ಅಂದಳು ಸಿಂಚನಾ.

ಗೌಡರು ಬಾಯಿ ತೆರೆದರು, ಮೇಷ್ಟ್ರನ್ನು ನೋಡಿದರು, ಹೋಗಿ ನೆಂಟರ ನಡುವೆ ಸುಮ್ಮನೆ ಕೂತರು.

ತಂಡ ಗೆದ್ದಿತು. ಮೇಷ್ಟ್ರು ತಮ್ಮ ಉಪಾಯಕ್ಕೆ ಒಳಗೊಳಗೇ ಬೀಗುತ್ತಾ ಸಿಂಚನಾಳ ಹತ್ತಿರ ಹೋದರು.

"ಮುಂದಿನ ಸಲ ಆಗಲ್ಲ ಅಂತ ನೀವೇ ಹೇಳಿ ಸಾರ್," ಅಂದಳು. "ನನಗೂ ತಾತನ್ನ ಕಂಡರೆ ಭಯ."

ಮೇಷ್ಟ್ರಿಗೆ ನಿಂತಲ್ಲೇ ನಾಚಿಕೆಯಾಯಿತು.